ಉಪ್ಪಾಗೆ ಹೊಟ್ಟೆ ಕರಗಿಸುತ್ತಾ? ಲೇಬಲ್ ಅಂಟಿಸುವ ಮೊದಲು ಇದನ್ನು ಓದಿ

ಕಳೆದ ವರ್ಷ ಆಗಸ್ಟ್ ಕೊನೆ. ರಾತ್ರಿ ಒಂಬತ್ತರ ಹೊತ್ತಿಗೆ ಆಗುಂಬೆ ಹತ್ತಿರದ ಹುಡುಗನೊಬ್ಬ ಫೋನ್ ಮಾಡಿದ. ಮಳೆ ಶಬ್ದದಲ್ಲಿ ಅವನ ಮಾತು ಅರ್ಧ ಕೇಳಿಸಿದರೆ ಅರ್ಧ ಇಲ್ಲ. ವಿಷಯ ಇಷ್ಟು: ಅವನ ಮನೆ ಅಟ್ಟದಲ್ಲಿ ನಲವತ್ತು ಕೆಜಿ ಒಣಗಿದ ಉಪ್ಪಾಗೆ ಸಿಪ್ಪೆ ಇದೆ. ಬೆಂಗಳೂರಿನ ಒಬ್ಬ ವ್ಯಾಪಾರಿ ಆನ್‌ಲೈನ್‌ನಲ್ಲಿ ಪರಿಚಯವಾಗಿದ್ದಾರೆ. ಸಿಪ್ಪೆಯನ್ನು ಪುಡಿ ಮಾಡಿ, ನೂರು ಗ್ರಾಂ ಡಬ್ಬಿಗೆ ತುಂಬಿ, 'ಮೆಟಬಾಲಿಸಂ ಹೆಚ್ಚಿಸುತ್ತದೆ, 30 ದಿನದಲ್ಲಿ ಹೊಟ್ಟೆ ಬೊಜ್ಜು ಕರಗಿಸುತ್ತದೆ' ಅಂತ ಲೇಬಲ್ ಹಾಕಿ ಕೊಟ್ಟರೆ ಊರಿನ ವ್ಯಾಪಾರಿಗಿಂತ ಎರಡು ಪಟ್ಟು ಕೊಡ್ತಾರಂತೆ. ಲೇಬಲ್ ಡಿಸೈನ್ ವಾಟ್ಸಾಪ್‌ಗೆ ಬಂದಿತ್ತು. ಅದರಲ್ಲಿ ಸೊಂಟಕ್ಕೆ ಟೇಪು ಸುತ್ತಿಕೊಂಡ ಹುಡುಗಿಯ ಫೋಟೋ. ಕೆಳಗೆ ತಯಾರಕರು ಅಂತ ಇವನ ಹೆಸರು, ಇವನ ಊರು.

"ಹಾಕಬಹುದಾ ಅಣ್ಣಾ?" ಅಂದ.

ಅವನ ಕಷ್ಟ ನನಗೆ ಗೊತ್ತು. ಒಂದೂವರೆ ಎಕರೆ ಅಡಿಕೆ ತೋಟ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿದಿದೆ. ತೀರ್ಥಹಳ್ಳಿ, ಹೊಸನಗರ ಕಡೆ ಈಗ ಎಷ್ಟೋ ಮನೆಗಳ ಕಥೆ ಇದೇ. ಅಡಿಕೆ ಕೈಕೊಟ್ಟಾಗ ಹಿತ್ತಲಲ್ಲಿ ತಾನಾಗಿ ಬೆಳೆದ ಮರ ದುಡ್ಡು ತರ್ತದೆ ಅಂದರೆ ಯಾರು ಬೇಡ ಅಂತಾರೆ? ಆದರೂ ನಾನು ಒಂದು ದಿನ ತಡಿ ಅಂದೆ. ಮರುದಿನ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಈಗ ಮತ್ತೆ ಉಪ್ಪಾಗೆ ಹಣ್ಣಾಗುವ ಕಾಲ, ಇಂಥದೇ ಪ್ರಶ್ನೆಯ ಮೂರು ಮೆಸೇಜ್ ಆಗಲೇ ಬಂದಿವೆ.

ನಮ್ಮ ಹುಳಿ ಅಮೆರಿಕದ ಡಬ್ಬಿಗೆ ಹೋದದ್ದು ಹೇಗೆ

ಉಪ್ಪಾಗೆಯ ಸಸ್ಯಶಾಸ್ತ್ರೀಯ ಹೆಸರು ಗಾರ್ಸಿನಿಯಾ ಗಮ್ಮಿಗುಟ್ಟ. ಹಳೆಯ ಹೆಸರು ಗಾರ್ಸಿನಿಯಾ ಕಾಂಬೋಜಿಯಾ. ಅಂಗಡಿಯ ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ಇವತ್ತಿಗೂ ಈ ಹಳೆಯ ಹೆಸರೇ ಇರ್ತದೆ. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ ಇದೇ. ಕೊಡಗಿನವರು ಪಂದಿ ಕರಿಗೆ ಬಳಸುವ ಕಪ್ಪು ಕಾಚಂಪುಳಿಯೂ ಇದೇ ಹಣ್ಣಿನ ರಸದಿಂದ ಆಗುವುದು. ನಮ್ಮ ಮಲೆನಾಡಲ್ಲಿ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ.

ಈ ಹುಳಿಯೊಳಗೆ ಇರುವ ಮುಖ್ಯ ಆಮ್ಲ ಯಾವುದು ಅಂತ ಕಂಡುಹಿಡಿದದ್ದು ನಮ್ಮ ಮೈಸೂರಿನಲ್ಲೇ. ಸಿಎಫ್‌ಟಿಆರ್‌ಐನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ತೋರಿಸಿದರು. ಚಿಕ್ಕದಾಗಿ ಎಚ್‌ಸಿಎ. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೊವೆನ್‌ಸ್ಟೈನ್ ಮತ್ತು ಸಂಗಡಿಗರು ಇನ್ನೊಂದು ವಿಷಯ ಕಂಡರು. ದೇಹ ಸಕ್ಕರೆ, ಪಿಷ್ಟವನ್ನು ಕೊಬ್ಬಾಗಿ ಪರಿವರ್ತಿಸಲು ಒಂದು ಕಿಣ್ವ ಬೇಕು. ಎಚ್‌ಸಿಎ ಆ ಕಿಣ್ವವನ್ನು ತಡೆಯುತ್ತದೆ. ಮುಂದೆ ಇಲಿಗಳಿಗೆ ಕೊಟ್ಟು ನೋಡಿದಾಗ ಅವು ತಿನ್ನುವುದು ಕಡಿಮೆಯಾಯಿತು, ಮೈಯಲ್ಲಿ ಕೊಬ್ಬು ಕೂರುವುದೂ ಕಡಿಮೆಯಾಯಿತು.

ಇಷ್ಟು ಸಿಕ್ಕಿದ್ದೇ ತಡ, 1990ರ ದಶಕದಲ್ಲಿ ಕಂಪನಿಗಳು ಕ್ಯಾಪ್ಸೂಲ್ ಮಾಡಲು ಶುರುಮಾಡಿದವು. ಅಲ್ಲಿಯವರೆಗೆ ಕೇಳುವವರೇ ಇಲ್ಲದ ಉಪ್ಪಾಗೆ ಸಿಪ್ಪೆಗೆ ಉತ್ತರ ಕನ್ನಡ, ಶಿವಮೊಗ್ಗ ಕಾಡುಗಳಲ್ಲಿ ದಿಢೀರ್ ಬೆಲೆ ಬಂತು. 2012ರಲ್ಲಿ ಅಮೆರಿಕದ ಟಿವಿಯಲ್ಲಿ ಡಾ. ಮೆಹ್ಮೆಟ್ ಓಝ್ ಇದನ್ನು ಹೊಗಳಿದ ಮೇಲಂತೂ ಹುಚ್ಚು ಇನ್ನೂ ಏರಿತು. 2014ರ ಜೂನ್‌ನಲ್ಲಿ ಅದೇ ಓಝ್ ಅವರನ್ನು ಅಮೆರಿಕದ ಸೆನೆಟ್ ಸಮಿತಿ ಕೂರಿಸಿಕೊಂಡು, ತೂಕ ಇಳಿಸುವ ಪವಾಡದ ಮಾತುಗಳನ್ನು ಯಾಕೆ ಆಡಿದಿರಿ ಅಂತ ತರಾಟೆಗೆ ತೆಗೆದುಕೊಂಡಿತು. ಆ ಸುದ್ದಿ ನಮ್ಮ ಕಡೆ ಬರಲಿಲ್ಲ. ಹೊಗಳಿದ ವಿಡಿಯೋ ಮಾತ್ರ ಇನ್ನೂ ಫಾರ್ವರ್ಡ್ ಆಗ್ತಾ ಇದೆ.

ಮನುಷ್ಯರಿಗೆ ಕೊಟ್ಟು ನೋಡಿದಾಗ

ಇಲಿಯ ಮೇಲೆ ಆದದ್ದು ಮನುಷ್ಯರ ಮೇಲೂ ಆಗ್ತದಾ? ಇದನ್ನು ಸರಿಯಾಗಿ ಪರೀಕ್ಷಿಸಿದ ಒಂದು ಅಧ್ಯಯನ 1998ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ. ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಇಬ್ಬರಿಗೂ ಒಂದೇ ಥರದ ಕಡಿಮೆ ಕ್ಯಾಲರಿಯ, ನಾರು ಜಾಸ್ತಿ ಇರುವ ಊಟ.

12 ವಾರ ಕಳೆದ ಮೇಲೆ ತೂಗಿದರು. ಉಪ್ಪಾಗೆ ಗುಂಪು ಸರಾಸರಿ 3.2 ಕೆಜಿ ಇಳಿದಿತ್ತು. ಬರೀ ಗುಳಿಗೆಯ ಗುಂಪು 4.1 ಕೆಜಿ ಇಳಿದಿತ್ತು! ಆ ವ್ಯತ್ಯಾಸ ಲೆಕ್ಕಶಾಸ್ತ್ರದ ಪ್ರಕಾರ ಗಣನೆಗೆ ಬರುವಷ್ಟು ದೊಡ್ಡದಲ್ಲ. ಅಂದರೆ ಇಳಿಸಿದ್ದು ಊಟದ ಪಥ್ಯ. ಉಪ್ಪಾಗೆ ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಇದೊಂದೇ ಅಧ್ಯಯನ ಹಿಡಿದು ಮಾತಾಡುವುದು ಸರಿಯಲ್ಲ. 2011ರಲ್ಲಿ ಅಲ್ಲಿವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದ ವಿಮರ್ಶೆಯೂ ಬಂತು. ಅದರ ಪ್ರಕಾರ ಎಚ್‌ಸಿಎ ತಿಂದವರು ಸರಾಸರಿ 0.88 ಕೆಜಿ ಹೆಚ್ಚು ಇಳಿದಿದ್ದರು. ಮುಕ್ಕಾಲು ಕೆಜಿಗಿಂತ ಚೂರು ಜಾಸ್ತಿ. ಆದರೆ ಕಟ್ಟುನಿಟ್ಟಾಗಿ ನಡೆಸಿದ ಪರೀಕ್ಷೆಗಳನ್ನಷ್ಟೇ ಇಟ್ಟುಕೊಂಡು ನೋಡಿದಾಗ ಆ ಲಾಭವೂ ನಿಲ್ಲಲಿಲ್ಲ. ಇದನ್ನು 'ಬೊಜ್ಜು ಕರಗಿಸುತ್ತದೆ' ಅಂತ ಬರೆಯೋಕೆ ಮನಸ್ಸು ಬರ್ತದಾ?

ಇಲಿಗೆ ಆದದ್ದು ನಮಗೆ ಯಾಕೆ ಆಗಲಿಲ್ಲ? ಒಂದು ಕಾರಣ ಹೀಗಿದೆ. ಇಲಿಯ ದೇಹ ಪಿಷ್ಟವನ್ನು ಕೊಬ್ಬಾಗಿ ಮಾಡುವುದರಲ್ಲಿ ಚುರುಕು. ಸಾಮಾನ್ಯ ಊಟ ಮಾಡುವ ಮನುಷ್ಯನ ಮೈಯಲ್ಲಿ ಆ ದಾರಿಯಿಂದ ಆಗುವ ಕೊಬ್ಬು ತೀರಾ ಕಡಿಮೆ. ನಮ್ಮ ಹೊಟ್ಟೆ ಮೇಲೆ ಕೂರುವುದು ಬಹುಪಾಲು ತಿಂದ ಎಣ್ಣೆ, ತುಪ್ಪ, ಕಾಯಿಯ ಕೊಬ್ಬೇ. ಅಕ್ಕಿ ಜಾಸ್ತಿ ತಿಂದಾಗ ದೇಹ ಮೊದಲು ಅದನ್ನು ಉರಿಸಿಕೊಳ್ಳುತ್ತದೆ, ಕೊಬ್ಬನ್ನು ಹಾಗೇ ಉಳಿಸಿಡುತ್ತದೆ. ನೀರೇ ಹರಿಯದ ಕಾಲುವೆಗೆ ಕಟ್ಟ ಹಾಕಿದರೆ ಗದ್ದೆಗೆ ಏನು ವ್ಯತ್ಯಾಸ ಆದೀತು?

ಹಾಗಾದರೆ ಮೆಟಬಾಲಿಸಂ ಹೆಚ್ಚಿಸುವ ಆಹಾರ ಯಾವುದೂ ಇಲ್ವಾ?

ಮೆಟಬಾಲಿಸಂ ಅಂದರೆ ದೇಹ ಶಕ್ತಿಯನ್ನು ಖರ್ಚು ಮಾಡುವ ರೀತಿ. ಮನೆ ಖರ್ಚಿನ ಲೆಕ್ಕದ ಹಾಗೆ ನೋಡಿದರೆ ಸುಲಭ. ಹೆಚ್ಚಿನವರಲ್ಲಿ ದಿನದ ಖರ್ಚಿನ ಶೇ. 60ರಿಂದ 70 ಭಾಗ ಸುಮ್ಮನೆ ಮಲಗಿದ್ದರೂ ಆಗುವಂಥದ್ದು: ಎದೆ ಬಡಿತ, ಉಸಿರು, ಮೆದುಳು, ಮೈ ಬಿಸಿ. ಶೇ. 10ರಷ್ಟು ತಿಂದದ್ದನ್ನು ಅರಗಿಸಲು. ಉಳಿದದ್ದು ಓಡಾಟ, ಕೆಲಸ.

ಆಹಾರ ನೇರವಾಗಿ ಅಲುಗಾಡಿಸಬಲ್ಲದ್ದು ಹೆಚ್ಚಾಗಿ ಆ ಶೇ. 10ರ ಭಾಗವನ್ನು. ಅದರಲ್ಲೂ ಸ್ವಲ್ಪ ಮಾತ್ರ.

• ಮೆಣಸಿನಕಾಯಿ, ಕಾಫಿ: ತಿಂದು ಕುಡಿದ ಸ್ವಲ್ಪ ಹೊತ್ತು ಶಕ್ತಿಯ ಖರ್ಚು ಚೂರು ಏರುವುದು ನಿಜ. ಆದರೆ ಆ ಏರಿಕೆ ಒಂದು ಬಿಸ್ಕತ್ತಿನ ಲೆಕ್ಕದ್ದು. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿದರೆ ಲಾಭ ಅಲ್ಲಿಗೇ ಸರಿಹೋಯ್ತು.

• ಗ್ರೀನ್ ಟೀ: 2012ರ ಕಾಕ್ರೇನ್ ವಿಮರ್ಶೆ ಇದನ್ನು ವಿವರವಾಗಿ ನೋಡಿತು. ತೂಕದಲ್ಲಿ ಆದ ಇಳಿಕೆ ಲೆಕ್ಕಕ್ಕೆ ಬರುವಂಥದ್ದಲ್ಲ ಅನ್ನುವುದು ಅದರ ತೀರ್ಮಾನ.

• ಜೀರಿಗೆ ಕಷಾಯ, ನಿಂಬೆ ಜೇನಿನ ಬಿಸಿನೀರು: ಬೆಳಗ್ಗೆ ಕುಡಿಯಲು ಹಿತ. ಚಳಿಗೆ, ಗಂಟಲಿಗೆ ಒಳ್ಳೇದು. ಕೊಬ್ಬನ್ನು ಕರಗಿಸುವ ಕೆಲಸ ಅದರದ್ದಲ್ಲ. ಜೇನೂ ಸಕ್ಕರೆಯೇ ಅನ್ನುವುದು ನೆನಪಿರಲಿ.

• ಬೇಳೆ, ಕಾಳು, ಮೊಟ್ಟೆ, ಮೀನು: ಪ್ರೋಟೀನ್ ಅರಗಿಸಲು ದೇಹ ಅದರದೇ ಕ್ಯಾಲರಿಯ ಶೇ. 20ರಿಂದ 30 ಭಾಗ ಖರ್ಚು ಮಾಡುತ್ತದೆ. ಪಿಷ್ಟಕ್ಕೆ ಶೇ. 5ರಿಂದ 10, ಕೊಬ್ಬಿಗೆ ಶೇ. 3ರವರೆಗೆ. ಜೊತೆಗೆ ಹೊಟ್ಟೆ ತುಂಬಿದ ಹಾಗೆ ಇರ್ತದೆ, ಸ್ನಾಯು ಉಳಿಯುತ್ತದೆ. ಈ ಪಟ್ಟಿಯಲ್ಲಿ ಸ್ವಲ್ಪವಾದರೂ ಕೆಲಸಕ್ಕೆ ಬರುವುದು ಇದೊಂದೇ. ಆದರೆ ಇದರ ಲೇಬಲ್ ಮೇಲೆ ಟೇಪು ಸುತ್ತಿಕೊಂಡ ಹುಡುಗಿ ಇರಲ್ಲ ನೋಡಿ.

ತಟ್ಟೆಯಲ್ಲಿ ಅನ್ನ ಒಂದು ಸೌಟು ಕಡಿಮೆ, ಹುರುಳಿ ಸಾರೋ ಹೆಸರುಕಾಳೋ ಒಂದು ಸೌಟು ಜಾಸ್ತಿ. ಬೈಕ್ ಬಿಟ್ಟು ತೋಟಕ್ಕೆ ನಡೆದು ಹೋಗುವುದು. ಯಾವ ಪುಡಿಗಿಂತಲೂ ಇದು ಜಾಸ್ತಿ ಕೆಲಸ ಮಾಡ್ತದೆ. ನಮ್ಮ ಅಜ್ಜಂದಿರು ಸಪೂರ ಇದ್ದದ್ದು ಉಪ್ಪಾಗೆ ತಿಂದಲ್ಲ, ಸೊಪ್ಪಿನ ಹೊರೆ ಹೊತ್ತು ಬೆಟ್ಟ ಹತ್ತಿ ಇಳಿದು.

ಲಿವರ್ ಮಾತು

ಕೆಲಸ ಮಾಡದಿದ್ದರೆ ಹೋಗಲಿ, ತಿಂದವರಿಗೆ ನಷ್ಟ ಏನು ಅಂತ ಹುಡುಗ ಕೇಳಿದ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದೇ ಇದು.

2009ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಹೈಡ್ರಾಕ್ಸಿಕಟ್ ಅನ್ನುವ ತೂಕ ಇಳಿಸುವ ಉತ್ಪನ್ನಗಳನ್ನು ಬಳಸಬೇಡಿ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತು. ಕಾಮಾಲೆ, ಲಿವರ್ ಹಾನಿ ಸೇರಿ 23 ಗಂಭೀರ ವರದಿಗಳು ಬಂದಿದ್ದವು, ಒಂದು ಸಾವೂ ಆಗಿತ್ತು. ಆ ಉತ್ಪನ್ನಗಳಲ್ಲಿ ಹಲವು ಪದಾರ್ಥ ಇದ್ದವು, ಕೆಲವದರಲ್ಲಿ ಗಾರ್ಸಿನಿಯಾ ಒಂದು. ಹಾಗಾಗಿ ಪೂರ್ತಿ ತಪ್ಪು ಉಪ್ಪಾಗೆಯದ್ದೇ ಅನ್ನಲು ಆಗುತ್ತಿರಲಿಲ್ಲ. ಆದರೆ 2022ರಲ್ಲಿ ಇನ್ನಷ್ಟು ಸ್ಪಷ್ಟವಾದ ವರದಿ ಬಂತು. ಔಷಧಿ, ಪೂರಕಗಳಿಂದ ಲಿವರ್ ಹಾಳಾದವರನ್ನು ದಾಖಲಿಸುವ ಅಮೆರಿಕದ ಒಂದು ವೈದ್ಯರ ಜಾಲ, 2004ರಿಂದ 2018ರವರೆಗಿನ 1418 ರೋಗಿಗಳನ್ನು ಪರಿಶೀಲಿಸಿತು. 22 ಜನರಲ್ಲಿ ಗಾರ್ಸಿನಿಯಾ ನಂಟು ಕಂಡಿತು. ಹೆಚ್ಚಿನವರು ಅದನ್ನು ಗ್ರೀನ್ ಟೀ ಸಾರದ ಜೊತೆ ತಿಂದಿದ್ದರು, ಐದು ಜನ ಗಾರ್ಸಿನಿಯಾ ಮಾತ್ರ. ವಂಶವಾಹಿಯಲ್ಲಿ ಒಂದು ನಿರ್ದಿಷ್ಟ ಗುರುತು ಇರುವವರಿಗೆ ಅಪಾಯ ಹೆಚ್ಚು ಅನ್ನುವುದೂ ಗೊತ್ತಾಯಿತು. ಡಬ್ಬಿ ಕೊಳ್ಳುವವರಲ್ಲಿ ಅದು ಯಾರಿಗಿದೆ ಅಂತ ಮುಖ ನೋಡಿ ಹೇಳಕ್ಕಾಗಲ್ಲ.

ಗಾಬರಿ ಬೇಡ. ಮೀನು ಸಾರಿಗೆ ಎರಡು ಎಸಳು ಹಾಕುವುದಕ್ಕೂ ಸಾಂದ್ರ ಮಾಡಿದ ಸಾರವನ್ನು ದಿನಾ ಮೂರು ಹೊತ್ತು ವಾರಗಟ್ಟಲೆ ನುಂಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ತಲೆಮಾರುಗಳಿಂದ ಅಡುಗೆಗೆ ಬಳಸಿದ್ದೇವೆ, ಬಳಸೋಣ. ಆದರೆ 'ತೂಕ ಇಳಿಸುತ್ತದೆ' ಅಂತ ಬರೆದ ಕೂಡಲೇ ಕೊಂಡವರು ಅದನ್ನು ಹುಳಿಯಾಗಿ ಬಳಸಲ್ಲ, ಔಷಧಿಯಾಗಿ ನುಂಗ್ತಾರೆ. ಒಂದು ಚಮಚಕ್ಕೆ ಇಳಿಯಲಿಲ್ಲ ಅಂತ ಮೂರು ಚಮಚ ಹಾಕಿಕೊಳ್ತಾರೆ. ನಿಮ್ಮ ಮನೆಯಲ್ಲೇ ಯಾರಾದರೂ ಇಂಥ ಕ್ಯಾಪ್ಸೂಲ್ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಊಟ ಸೇರದಿರುವುದು, ವಾಕರಿಕೆ ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಕಾನೂನು ಯಾರ ಹೆಸರು ನೋಡ್ತದೆ?

ಆಹಾರ ಅಂತ ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮ ಇದೆ. ಆಧಾರ ಇಲ್ಲದ ಆರೋಗ್ಯದ ಮಾತು, ಕಾಯಿಲೆ ವಾಸಿ ಮಾಡ್ತದೆ ಅನ್ನುವ ಮಾತು ಲೇಬಲ್ ಮೇಲೆ ಬರುವ ಹಾಗಿಲ್ಲ. ಔಷಧಿ ಅಂತ ಮಾರುವುದಾದರೆ ಆಯುಷ್ ಪರವಾನಗಿ ಬೇಕು. ಅದೂ ಅಲ್ಲದೆ, ಮಾಂತ್ರಿಕ ಔಷಧಿಗಳ ಆಕ್ಷೇಪಾರ್ಹ ಜಾಹೀರಾತು ತಡೆಯುವ 1954ರ ಕಾಯ್ದೆ ಒಂದಿದೆ. ಯಾವ ಯಾವ ಕಾಯಿಲೆಗೆ ಔಷಧಿ ಇದೆ ಅಂತ ಜಾಹೀರಾತು ಕೊಡಬಾರದು ಅನ್ನುವ ಅದರ ಪಟ್ಟಿಯಲ್ಲಿ ಬೊಜ್ಜೂ ಸೇರಿದೆ.

ಈಗ ಆ ಲೇಬಲ್ ನೆನಪು ಮಾಡಿಕೊಳ್ಳಿ. ತಯಾರಕರು ಅಂತ ಇದ್ದದ್ದು ಬೆಂಗಳೂರಿನವರ ಹೆಸರಲ್ಲ, ಹುಡುಗನ ಹೆಸರು. ನಾಳೆ ಯಾರಿಗಾದರೂ ಹೆಚ್ಚು ಕಡಿಮೆ ಆದರೆ ನೋಟಿಸ್ ಬರುವುದು ಆಗುಂಬೆ ಅಂಚೆಗೆ.

ಕಾಡಿಗೂ ಒಂದು ಲೆಕ್ಕ ಇದೆ

1990ರ ದಶಕದ ಬೆಲೆ ಏರಿಕೆಯ ಕಾಲದಲ್ಲಿ ನಮ್ಮ ಘಟ್ಟದ ಕಾಡುಗಳಲ್ಲಿ ಆದದ್ದು ಹಿರಿಯರಿಗೆ ನೆನಪಿದೆ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ತಾನೆ ಅಂತ ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಕೊಂಬೆ ಕಡಿದರು. ಮಳೆಗಾಲದಲ್ಲಿ ಬಿಸಿಲು ಇರಲ್ಲವಲ್ಲ, ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಸೌದೆ ಉರಿಸಿದರು. ಹಣ್ಣು ತಿನ್ನುವ ಮಂಗ, ಮುಸಿಯಗಳಿಗೂ ಪಾಲು ಕಡಿಮೆಯಾಯಿತು.

ಸುಳ್ಳಿನ ಮೇಲೆ ನಿಂತ ಬೆಲೆಯ ಕಷ್ಟ ಇದು. ಟಿವಿಯಲ್ಲಿ ಯಾರೋ ಹೊಗಳಿದರೆ ಏರ್ತದೆ, ಇನ್ನೆಲ್ಲೋ ಎಚ್ಚರಿಕೆ ಬಂದರೆ ಬೀಳ್ತದೆ. ಎರಡೂ ನಮ್ಮ ಕೈಯಲ್ಲಿಲ್ಲ. ಮೀನು ಸಾರಿಗೆ ಹುಳಿ ಬೇಕು ಅನ್ನುವ ಬೇಡಿಕೆ ಹಾಗಲ್ಲ. ಅದು ಚಿಕ್ಕದು, ಆದರೆ ಪ್ರತಿವರ್ಷ ಇರುವಂಥದ್ದು.

ಉಪ್ಪಾಗೆಯನ್ನು ಉಪ್ಪಾಗೆಯಾಗಿ ಮಾರುವುದು ಹೇಗೆ

1. ಮಾಗಿ ಹಳದಿಯಾದ, ತಾನಾಗಿ ಬಿದ್ದ ಹಣ್ಣನ್ನೇ ಆರಿಸಿ. ಕೊಂಬೆ ಕಡಿಯಬೇಡಿ. ಕಾಡಿನ ಮರವಾದರೆ ಹಕ್ಕು, ಅನುಮತಿ ಏನಿದೆ ಅಂತ ಅರಣ್ಯ ಇಲಾಖೆಯಲ್ಲಿ, ಗ್ರಾಮದ ಅರಣ್ಯ ಹಕ್ಕು ಸಮಿತಿಯಲ್ಲಿ ಕೇಳಿಕೊಳ್ಳಿ. ಸೋಮೇಶ್ವರ ವನ್ಯಜೀವಿ ಧಾಮದ ಒಳಗೆ ಕೈ ಹಾಕಬೇಡಿ.

2. ಅದೇ ದಿನ ಬಿಡಿಸಿ, ಬೀಜ ಬೇರೆ ಮಾಡಿ. ಹುಳಿ ಲೋಹವನ್ನು ತಿನ್ನುತ್ತದೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬೇಡ. ಸ್ಟೀಲು ಅಥವಾ ಬಿದಿರಿನ ತಟ್ಟಿ ಸಾಕು.

3. ಮನೆಯಲ್ಲಿ ಅಡಿಕೆ ಡ್ರೈಯರ್ ಇದ್ದರೆ ಅದನ್ನೇ ಬಳಸಿ. ಉರುವಲಿಗೆ ಕಾಡಿನ ಸೌದೆ ಬದಲು ಅಡಿಕೆ ಸಿಪ್ಪೆ ಹಾಕಿ. ಹತ್ತು ಕೆಜಿ ಹಸಿ ಹಣ್ಣಿಗೆ ಎಷ್ಟು ಒಣ ಸಿಪ್ಪೆ ಬಂತು, ಎಷ್ಟು ಉರುವಲು, ಎಷ್ಟು ಗಂಟೆ ಅಂತ ಮೊಬೈಲ್‌ನಲ್ಲಿ ಬರೆದಿಡಿ. ಈ ಲೆಕ್ಕ ಇಲ್ಲದೆ ಬೆಲೆ ಹೇಳಬೇಡಿ.

4. ಪುಡಿ ಮಾಡಬೇಡಿ. ಎಸಳು ಎಸಳಾಗಿಯೇ ಗಾಳಿಯಾಡದ ಡಬ್ಬಿಗೆ ತುಂಬಿ. ಎಸಳು ಕಂಡರೆ ಗ್ರಾಹಕರಿಗೆ ಅದು ಅಡುಗೆ ಸಾಮಾನು, ಪುಡಿ ಕಂಡರೆ ಔಷಧಿ.

5. ಬೀಜ ಎಸೆಯಬೇಡಿ. ತುಪ್ಪ ತೆಗೆಯುವ ಕೆಲಸ ಮನೆಯ ಅಮ್ಮ, ಅಜ್ಜಿಗೆ ಗೊತ್ತಿದ್ದರೆ ಈ ವರ್ಷವೇ ಕೂತು ಕಲಿತುಕೊಳ್ಳಿ.

6. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಲೇಬಲ್ ಮೇಲೆ ಹೆಸರು, ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ನೋಂದಣಿ ಸಂಖ್ಯೆ, ವಿಳಾಸ ಇರಲಿ. 'ಆಗುಂಬೆ ಸೀಮೆಯ ಉಪ್ಪಾಗೆ, ಸಾರು ಮತ್ತು ಮೀನಿನ ಅಡುಗೆಗೆ' ಅಂತ ಬರೆಯಿರಿ. 'ಸಾವಯವ' ಅಂತ ಬರೆದು ಅಂಗಡಿಗೆ ಕೊಡುವ ಮೊದಲು ಪಿಜಿಎಸ್ ಅಥವಾ ಎನ್‌ಪಿಒಪಿ ಪ್ರಮಾಣಪತ್ರ ಪಡೆಯಿರಿ.

ಹೊಸದಾಗಿ ನೆಡುವವರಿಗೆ ಒಂದು ಮಾತು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ನೆಟ್ಟು ಹತ್ತು ವರ್ಷ ಕಾದ ಮೇಲೆ ಅದು ಗಂಡು ಅಂತ ಗೊತ್ತಾದರೆ ಏನು ಮಾಡ್ತೀರಿ? ಹಾಗಾಗಿ ಚೆನ್ನಾಗಿ ಬಿಡುವ ಹೆಣ್ಣು ಮರದಿಂದ ಮಾಡಿದ ಕಸಿ ಗಿಡವನ್ನೇ ನೆಡಿ. ಕಸಿ ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರಿನಿಂದ ತೆಗೆದಿರಬೇಕು. ಅಡ್ಡ ಕೊಂಬೆಯ ಕಡ್ಡಿ ಹಾಕಿದರೆ ಗಿಡ ಮೇಲೇಳದೆ ಪೊದೆಯ ಹಾಗೆ ಹರಡುತ್ತದೆ. ನರ್ಸರಿಯಲ್ಲಿ ಇದನ್ನು ಕೇಳಿಯೇ ತೆಗೆದುಕೊಳ್ಳಿ. ಸಾಗರದ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಶಿರಸಿಯ ಅರಣ್ಯ ಕಾಲೇಜು ಎರಡೂ ನಮಗೆ ದೂರ ಅಲ್ಲ, ಹೋಗಿ ವಿಚಾರಿಸಿ. ಅಡಿಕೆ ತೋಟದ ನಡುವೆ ಬೇಡ. ತೋಟದ ಅಂಚು, ಹಳ್ಳದ ಬದಿ, ಸೊಪ್ಪಿನ ಬೆಟ್ಟದ ಖಾಲಿ ಜಾಗ ಸಾಕು. ಮೊದಲ ವರ್ಷ ಹತ್ತು ಗಿಡಕ್ಕಿಂತ ಜಾಸ್ತಿ ಹಾಕಬೇಡಿ.

ಹುಡುಗ ಏನು ಮಾಡಿದ?

ಬೆಂಗಳೂರಿನವರಿಗೆ ಫೋನ್ ಮಾಡಿ, ಲೇಬಲ್ ಬದಲಾಯಿಸಿದರೆ ಕೊಡ್ತೇನೆ ಅಂದ. ಅವರು ಆಮೇಲೆ ಫೋನ್ ಎತ್ತಲಿಲ್ಲ. ನಲವತ್ತರಲ್ಲಿ ಎಂಟು ಕೆಜಿ ಶಿವಮೊಗ್ಗದ ಒಂದು ಕೇರಳ ಮೆಸ್‌ನವರು ತೆಗೆದುಕೊಂಡರು, ಊರಿನ ಬೆಲೆಗಿಂತ ಸ್ವಲ್ಪ ಮೇಲೆ. ಐದಾರು ಕೆಜಿ ನೂರು ಗ್ರಾಂ ಡಬ್ಬಿಯಲ್ಲಿ ಪರಿಚಯದವರಿಗೆ ಹೋಯಿತು. ಉಳಿದದ್ದು ಮಾಮೂಲಿ ವ್ಯಾಪಾರಿಗೆ, ಮಾಮೂಲಿ ಬೆಲೆಗೆ. ಎರಡು ಪಟ್ಟು ದುಡ್ಡು ಬರಲಿಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಿದರೆ ನಾನೂ ಆ ಲೇಬಲ್ ಮಾಡಿದವರ ಹಾಗೇ ಆಗ್ತೇನೆ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. ಮೆಸ್‌ನವರು ಈ ಸಲ ಹದಿನೈದು ಕೆಜಿ ಬೇಕು ಅಂದಿದ್ದಾರಂತೆ, ಹೊಗೆ ಚೆನ್ನಾಗಿ ಹಿಡಿದಿರಬೇಕಂತೆ. ಡ್ರೈಯರ್‌ನಲ್ಲಿ ಒಣಗಿಸಿ ಕೊನೆಗೆ ಒಂದು ದಿನ ಅಟ್ಟದ ಹೊಗೆಗೆ ಇಟ್ಟರೆ ಆಗ್ತದಾ ಅಂತ ಕೇಳಿದ. ಮೊದಲು ಎರಡು ಕೆಜಿ ಮಾಡಿ ಕಳಿಸು, ಅವರ ಅಡುಗೆಯವರೇ ಹೇಳಲಿ ಅಂದೆ.